ನಾಲ್ಕು ದಿನ ‘ಟಕ್’ ಎಂದ ಗಾಡಿ

ಆ ಗುರುವಾರ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಏಳು ಆಗಿದ್ದವು, ಎಂಟನೆಯದು ಹಂಚಿನ ಮೇಲಿತ್ತು. ಅದಕ್ಕೆ ನೀರು ಸವರುತ್ತಿದ್ದಾಗ ಹೊರಗೆ ಅಂಗಳದಲ್ಲಿ ‘ಟಕ್’ ಎಂದಿತು. ದಿನಾ ಆ ಹೊತ್ತಿಗೆ ಕೇಳುವ ಸದ್ದೇ ಬೇರೆ. ಮೊದಲು ಕುಂಯ್ ಕುಂಯ್, ಆಮೇಲೆ ಗರ್ ಎಂದು ಎಂಜಿನ್ನು, ಆಮೇಲೆ ‘ಹೊಂಟೆ’ ಅನ್ನುವ ಹಾಗೆ ಮೈದುನನ ಒಂದು ಹಾರ್ನು. ಅವತ್ತು ಬರೀ ಟಕ್. ಸ್ವಲ್ಪ ತಡೆದು ಮತ್ತೊಂದು ಟಕ್. ಆಮೇಲೆ ಅವನ ದನಿ.

“ವೈನಿ, ಗಾಡಿ ಚಾಲೂ ಆಗವಲ್ದರಿ.”

ನನ್ನ ಮೈದುನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಶಾಲೆ ನಿಡೋಣಿಯಲ್ಲಿ, ಅದೇ ಅಣ್ಣತಮ್ಮಂದಿರ ಹುಟ್ಟಿದ ಊರೂ ಹೌದು. ನಾವಿರುವುದು ವಿಜಯಪುರದಲ್ಲಿ. ಮೈದುನನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಸೋತಿವೆ. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಎರಡು ಊರುಗೋಲು ಹಿಡಿದು ನಡೆಯುತ್ತಾನೆ. ಅವನ ಗಾಡಿ ಇಪ್ಪತ್ತು ವರ್ಷಕ್ಕೂ ಹಳೆಯ ಕಾರು. ಆದರೆ ಅದರ ಬ್ರೇಕು, ಕ್ಲಚ್ಚು, ಎಕ್ಸಲೇಟರು ಎಲ್ಲವನ್ನೂ ಕೈಯಲ್ಲೇ ಹಿಡಿಯುವಂತೆ ಸ್ಟೇರಿಂಗಿನ ಪಕ್ಕ ಕಬ್ಬಿಣದ ಹಿಡಿಕೆ ಜೋಡಿಸಿದ್ದಾರೆ. ಜೋಡಿಸಿಕೊಟ್ಟ ಪುಣ್ಯಾತ್ಮ ಈಗಿಲ್ಲ. ಬೇರೆಯವರ ಗಾಡಿ ಇವನಿಗೆ ನಡೆಸಲು ಬರುವುದಿಲ್ಲ, ಇವನ ಗಾಡಿ ಬೇರೆಯವರಿಗೆ ಬರುವುದಿಲ್ಲ.

ನಾನು ಕೈಯ ಹಿಟ್ಟು ತೊಳೆದು ಹೊರಗೆ ಹೋದೆ. ಕೀಲಿ ತಿರುವಿ ತೋರಿಸಿದ. ಟಕ್. ಅಷ್ಟೇ.

“ಹಾದ್ಯಾಗ ನಿಲ್ಲಲಿಲ್ಲಲ್ಲ ತಮ್ಮಾ, ಮನಿ ಮುಂದ ನಿಂತದ. ನಿನ್ನಿನೇ ಅಮಾಸಿ ಪೂಜಾ ಮಾಡೇನಲ್ಲ, ಅದರ ಪುಣ್ಯಾ,” ಅಂದೆ. ಹಾಗೆಯೇ ನಂಬಿದ್ದೆ ಕೂಡ. ದೇವರು ಮಾಡುವ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಅದನ್ನೂ ಎಣಿಸಿದೆ.

ಅವನು ಮುಖ್ಯಗುರುಗಳಿಗೆ ಫೋನು ಮಾಡಿ ರಜೆ ಕೇಳಿದ. ಅವರು ರಜೆ ಕೊಟ್ಟರು, ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ವಿಜಯಪುರದ ಕಚೇರಿಯೊಂದಕ್ಕೆ ಶಿಕ್ಷಕರೊಬ್ಬರನ್ನು ಕಾಗದಪತ್ರದ ಕೆಲಸಕ್ಕೆ ಕೇಳಿದ್ದಾರೆ; ಅರ್ಜಿ ಕೊಡಲು ಸೋಮವಾರ ಕಡೆಯ ದಿನ. “ನಿಮಗ ಅನುಕೂಲ ಆಗತದ, ವಿಚಾರ ಮಾಡ್ರಿ. ಗಾಡೀನ ಇಲ್ಲಂದ್ರ ಹತ್ತನೇ ಕ್ಲಾಸಿನ ಹುಡುಗರು ಪರೀಕ್ಷಾ ಹೊತ್ತಿನ್ಯಾಗ ಯಾರನ್ನ ನಂಬಬೇಕು?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಹಿಂದೊಮ್ಮೆ ಗಾಡಿ ರಿಪೇರಿಗೆ ಹೋಗಿದ್ದಾಗ ಎರಡು ದಿನ ಬಸ್ಸಿನಲ್ಲಿ ಹೋಗಿ ಬಂದಿದ್ದ. ಕಂಡಕ್ಟರು ಮತ್ತು ಇಬ್ಬರು ಹೆಗಲು ಕೊಟ್ಟು ಎತ್ತಿ ಹತ್ತಿಸಿದ್ದರು. ಮನೆಗೆ ಬಂದವನು ಊಟ ಮಾಡಲಿಲ್ಲ. “ನಾ ಜ್ವಾಳದ ಚೀಲ ಅಲ್ರಿ ವೈನಿ,” ಅಂದಿದ್ದ. ಹಾಗಾಗಿ ಸೋಮವಾರದೊಳಗೆ ಗಾಡಿ ಚಾಲೂ ಆಗದಿದ್ದರೆ ಅವನು ಅರ್ಜಿ ಬರೆಯುತ್ತಾನೆ, ಮತ್ತೆ ಕರಿಹಲಗೆ ಮುಂದೆ ನಿಲ್ಲುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಮಧ್ಯಾಹ್ನ ಗ್ಯಾರೇಜಿನವರು ಬಂದರು. ಕೈಕೆಲಸ ಚುರುಕಾದ ಮನುಷ್ಯ. ಬ್ಯಾಟರಿ ಮೇಲಿನ ಎರಡೂ ತುದಿ ನೋಡಿ, “ಇಷ್ಟ್ ಸ್ವಚ್ಛ ಬ್ಯಾಟರಿ ನಾ ನೋಡೇ ಇಲ್ಲ ಅಕ್ಕಾರ,” ಅಂದರು. ನನಗೆ ಹೆಮ್ಮೆಯಾಯಿತು. ಪ್ರತಿ ಅಮಾವಾಸ್ಯೆಗೆ ನಾನೇ ಒರೆಸಿ, ವಿಭೂತಿ ಹಚ್ಚುತ್ತಿದ್ದೆ. ಚಾರ್ಜು ಇಳಿದಿರಬೇಕೆಂದು ಬ್ಯಾಟರಿ ಬಿಚ್ಚಿಕೊಂಡು ಹೋದರು.

ಶುಕ್ರವಾರ ಮಧ್ಯಾಹ್ನ ತುಂಬಿದ ಚಾರ್ಜಿನ ಬ್ಯಾಟರಿ ತಂದು ಕೂಡಿಸಿದರು. ನಾನು ಒಳಗೆ ದೇವರಿಗೆ ಊದಿನಕಡ್ಡಿ ಹಚ್ಚಿಟ್ಟು ಬಂದೆ. ಮೈದುನ ಕೀಲಿ ತಿರುವಿದ. ಟಕ್. ಪಕ್ಕದ ಮನೆಯವರ ಗಾಡಿ ತರಿಸಿ ಅದರ ಬ್ಯಾಟರಿಯಿಂದ ನಮ್ಮ ಬ್ಯಾಟರಿಗೆ ಅವರದೇ ದಪ್ಪ ವೈರು ಹಾಕಿದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಆಗಲೂ ಟಕ್. ವೈರು ನಮ್ಮ ಅಂಗಳದಲ್ಲೇ ಉಳಿಯಿತು.

“ಸ್ಟಾರ್ಟರ್ ಮೋಟಾರ್ ಹೋಗೇದ್ರಿ,” ಎಂದು ಗ್ಯಾರೇಜಿನವರು ಕೈ ಒರೆಸಿಕೊಂಡರು. “ಇದು ಹಳೀ ಮಾಡೆಲ್ಲು, ಸಾಮಾನು ಸೋಲಾಪುರದಿಂದ ಬರಬೇಕು. ಹತ್ತು ದಿನ ಹಿಡೀರಿ. ಮತ್ತ ಅದನ್ನ ಇಳಸಬೇಕಂದ್ರ ಈ ಕೈ ಹಿಡಿಕಿ, ಅದರ ಕಬ್ಬಿಣದ ಸಳಿ ಎಲ್ಲಾ ಬಿಚ್ಚಬೇಕು. ಬಿಚ್ಚೂದು ಬಿಚ್ಚತೀನಿ. ಮೊದಲಿನಂಗ ಕೂಡತಾವು ಅಂತ ಮಾತು ಕೊಡಾಂಗಿಲ್ಲ.”

ಮರುದಿನ ಮಧ್ಯಾಹ್ನ ಬಿಚ್ಚಲು ಬರುತ್ತೇನೆಂದು ಹೇಳಿ ಹೋದರು.

ಸಂಜೆ ನಮ್ಮ ಮನೆಯವರು ಗೋದಾಮಿನಿಂದ ಬಂದರು. ಒಣದ್ರಾಕ್ಷಿಯ ಹಂಗಾಮು, ದಿನವಿಡೀ ನಿಂತು ಬಂದಿದ್ದರು. ವಿಷಯ ಕೇಳಿ ಚಹಾ ಬಟ್ಟಲು ಕೆಳಗಿಟ್ಟರು.

“ಲೇ ತಮ್ಮಾ, ಮುಗೀತಪಾ ಅದರ ಕಥಿ. ಇಲ್ಲೇ ಊರಾಗ ಫ್ಯಾನಿನ ಕೆಳಗ ಕುಂತು ಸಹಿ ಮಾಡು. ಯಾಕ ಜೀವಾ ತಿಂತೀ?”

“ಸಹಿ ಮಾಡಾಕ ಗಣಿತ ಯಾಕ ಬೇಕೋ ಅಣ್ಣಾ?”

“ಮತ್ತ ಹಾರಿ ಹೋಗ್ತೀಯೇನು ನಿಡೋಣಿಗೆ?”

ಮೈದುನ ಒಂದು ಬಿಳಿ ಹಾಳೆ ತರಿಸಿಕೊಂಡು, ತಾರೀಖಿನ ಜಾಗ ಬಿಟ್ಟು, ಅರ್ಜಿ ಬರೆದ. ಅಕ್ಷರ ಮುತ್ತಿನಂತಿದ್ದವು. ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಶನಿವಾರ ಬೆಳಗ್ಗೆ ಅಂಗಳ ಸಾರಿಸುವಾಗ ಅವನು ಗಾಡಿಯೊಳಗೆ ಸುಮ್ಮನೆ ಕುಳಿತಿದ್ದ. ಏನು ನೆನಪಾಯಿತೋ, ಹಾರ್ನು ಒತ್ತಿದ. ಜೋರಾಗಿ ಕೂಗಿತು. ಹೆಡ್‌ಲೈಟು ಹಾಕಿದ. ಹಗಲಿನಲ್ಲೂ ಕಣ್ಣು ಕುಕ್ಕುವಷ್ಟು ಉರಿಯಿತು. ಪೊರಕೆ ಹಿಡಿದೇ ನಿಂತು, “ಈಗ ಕೀಲಿ ತಿರುವು,” ಅಂದೆ. ಟಕ್ ಎಂದಿತು, ಬೆಳಕು ಮಾತ್ರ ಒಂದಿಷ್ಟೂ ಮಂಕಾಗಲಿಲ್ಲ.

ನನಗೆ ಗಾಡಿ ವಿದ್ಯೆ ಗೊತ್ತಿಲ್ಲ. ಒಲೆ ಗೊತ್ತು. ಎರಡು ಬರ್ನರಿನಲ್ಲಿ ಒಂದು ಭರ್ರೆಂದು ಉರಿದು ಇನ್ನೊಂದು ಹತ್ತದಿದ್ದರೆ ಸಿಲಿಂಡರ್ ಖಾಲಿಯಾಗಿದೆ ಎನ್ನುವುದಿಲ್ಲ, ಒಲೆಯನ್ನೂ ಎಸೆಯುವುದಿಲ್ಲ. ಮೊದಲು ಸೂಜಿ ತೆಗೆದುಕೊಂಡು ತೂತು ನೋಡುತ್ತೇವೆ. ಇಲ್ಲಿ ಆ ತೂತು ಯಾರೂ ನೋಡಿರಲಿಲ್ಲ.

ಗ್ಯಾರೇಜಿನವರಿಗೆ ನಾನೇ ಫೋನು ಮಾಡಿದೆ. “ಇವತ್ತ ಬಿಚ್ಚೂದು ಬ್ಯಾಡ್ರಿ ಅಣ್ಣಾರ. ಒಂದ್ ದಿನ ತಡೀರಿ.”

“ನಿಮ್ಮ ಮರ್ಜಿ ಅಕ್ಕಾರ. ಆದ್ರ ಸೋಮವಾರದಿಂದ ನನಗ ಬ್ಯಾರೆ ಕೆಲಸ ಅದ. ಇವತ್ತ ಬಿಟ್ರ ಮತ್ತ ಮುಂದಿನ ವಾರ ದಾಟತದ ನೋಡ್ರಿ.”

“ದಾಟ್ಲಿರಿ,” ಅಂದೆ. ಮನೆಯವರಿಗೆ ಹೇಳದೆ ಇಷ್ಟು ದೊಡ್ಡ ಮಾತು ನಾನು ಆಡಿದ್ದು ಕಡಿಮೆ.

ನನ್ನ ತವರು ಕನಮಡಿ. ನಮ್ಮಪ್ಪನ ಟ್ರ್ಯಾಕ್ಟರು ಕೆಟ್ಟಾಗಲೆಲ್ಲ ಟಿಕೋಟದಿಂದ ಒಬ್ಬ ಮಿಸ್ತ್ರಿ ಬರುತ್ತಿದ್ದರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಈಗ ವಯಸ್ಸಾಗಿದೆ, ಊರು ಬಿಟ್ಟು ಬರುವುದಿಲ್ಲ, ತಮ್ಮ ಶೆಡ್ಡಿನಲ್ಲೇ ಕೂತು ಕೆಲಸ ಮಾಡುತ್ತಾರೆ. ನಮ್ಮಣ್ಣನ ಹತ್ತಿರ ನಂಬರು ತೆಗೆದುಕೊಂಡು ಮಾತಾಡಿದೆ. ಗುರುತು ಹೇಳಿದ ಕೂಡಲೇ, “ಅರೆ, ನಮ್ಮ ಕನಮಡಿ ಬೇಟಿ! ಚಹಾದಾಗ ಸಕ್ಕರಿ ಮರೀತಿದ್ದೆಲ್ಲ, ಅಕೀನೇನು?” ಎಂದರು. ಗಾಡಿಯ ಸಂಗತಿಯನ್ನೆಲ್ಲ ಕೇಳಿಸಿಕೊಂಡರು.

“ಬೆಳಕ ಮಂಕಾಗಲಿಲ್ಲ ಅಂದಿ. ಹೌದಿಲ್ಲೋ? ಅಂದ್ರ ಬ್ಯಾಟರ್‍ಯಾಗ ದಮ್ ಅದ. ಆ ದಮ್ ಮೋಟಾರಿಗೆ ಹೋಗವಲ್ದು. ಇಲ್ಲಾ ಹೋಗಿದ್ದು ತಿರುಗಿ ಬರವಲ್ದು. ಕರೆಂಟಿಗೆ ಹೋಗೂ ಹಾದೀನೂ ಬೇಕು, ಬರೂ ಹಾದೀನೂ ಬೇಕು ಬೇಟಿ. ಬಾನೆಟ್ ಎತ್ತು. ನಾ ಹೇಳಿದ್ದಷ್ಟ ಮಾಡು.”

ಫೋನನ್ನು ಸ್ಪೀಕರಿಗೆ ಹಾಕಿ ಗಾಡಿಯ ಮುಂದಿನ ಗಾಜಿನ ಬುಡದಲ್ಲಿಟ್ಟೆ. ಮೈದುನ ಒಳಗೆ ಕುಳಿತ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕು ಎಳೆದದ್ದು ಚಾಚಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನನಗೆ ಸೆರಗು ಬಿಗಿದು ಸಿಕ್ಕಿಸಿಕೊಳ್ಳಲು, ಬಳೆ ತೆಗೆದಿಡಲು ಹೇಳಿದರು. ನಾಲ್ಕು ಹಸಿರು ಬಳೆ ಬಿಟ್ಟು ಉಳಿದವು ತೆಗೆದೆ. “ಅವೂ ತಗಿ, ಗಾಜಿನ ಬಳಿ ಒಡದರ ಎಂಜಿನ್ನಿಗೇನು ಆಗೂದಿಲ್ಲ, ನಿನ್ನ ಕೈ ಕೊಯ್ಯತದ,” ಎಂದರು, ಕಣ್ಣಾರೆ ನೋಡಿದಂತೆ.

ಮೈದುನ ಹತ್ತು ಸಲ ಟಕ್ ಅನ್ನಿಸಬೇಕು. ಆಮೇಲೆ ಕೀಲಿ ತೆಗೆದು ನಾನು ಬ್ಯಾಟರಿಯಿಂದ ಹೊರಟ ದಪ್ಪ ವೈರುಗಳನ್ನು ತುದಿಯಿಂದ ತುದಿಗೆ ಮುಟ್ಟುತ್ತ ಹೋಗಬೇಕು. ಮೊದಲು ಬೆರಳ ಹಿಂಬದಿಯಿಂದ. “ಎಲ್ಲಿ ಬಿಸಿ ಅದ, ಹೇಳು. ಎಲ್ಲಿ ಹಾದಿ ಇಕ್ಕಟ್ಟೋ ಅಲ್ಲೆ ಕರೆಂಟ್ ಕಾಯತದ.”

ಕೆಂಪು ವೈರು ತಣ್ಣಗಿತ್ತು. ಮೋಟಾರಿನವರೆಗೂ ಹೋಗಿ ನೋಡಿದೆ, ತಣ್ಣಗೆ. ಕಪ್ಪು ವೈರೂ ಹಾಗೇ. ಬ್ಯಾಟರಿ ಕೂಡುವ ತಗಡಿನ ಕೆಳಗೆ, ಗಾಡಿಯ ಮೈಯಿಂದ ಎಂಜಿನ್ನಿಗೆ ಇನ್ನೊಂದು ಇತ್ತು. ವೈರಲ್ಲ, ಹೆಣ್ಣುಮಕ್ಕಳ ಜಡೆಯಂತೆ ಹೆಣೆದ ಚಪ್ಪಟೆ ತಾಮ್ರದ ಪಟ್ಟಿ. ಕೈ ತೂರಿಸಿ ಅದರ ಬೋಲ್ಟಿನ ಹತ್ತಿರ ತಂದೆ. ಹಂಚಿನ ಅಂಚು ಮುಟ್ಟಿದ ಹಾಗಾಯಿತು.

“ಚಾಚಾ, ಇಲ್ಲೆ ಸುಡಾಕತ್ತದ!”

“ಸಿಕ್ಕಾನ ಕಳ್ಳ,” ಎಂದರು ಚಾಚಾ, ದನಿ ಎತ್ತರಿಸದೆ. “ಅದ ತಿರುಗಿ ಬರೂ ಹಾದಿ. ಈಗ ನೆರಿಮನಿಯವರ ಕಪ್ಪು ವೈರು ತಗೋ. ಒಂದು ಬಾಯಿ ಬ್ಯಾಟರಿ ಕಪ್ಪಿಗೆ ಕಚ್ಚಸು, ಇನ್ನೊಂದು ಸೀದಾ ಎಂಜಿನ್ನಿನ ಬರೀ ಕಬ್ಬಿಣಕ್ಕ. ಫ್ಯಾನಿನಿಂದ ದೂರ ಇರಲಿ. ದೂರ ನಿಲ್ಲು.”

ಹಾಗೇ ಮಾಡಿ ಹಿಂದೆ ಸರಿದೆ. ಮೈದುನ ಕೀಲಿ ತಿರುವಿದ. ಕುಂಯ್ ಎನ್ನಲೂ ಇಲ್ಲ, ಒಂದೇ ಸಲಕ್ಕೆ ಎಂಜಿನ್ನು ಹಿಡಿಯಿತು. ಅವನು ಒಳಗಿನಿಂದ ಏನೋ ಕೂಗಿದ, ನನಗೆ ಕೇಳಿಸಲಿಲ್ಲ. ನಾನು ಎರಡೂ ಕೈ ಕೆನ್ನೆಗೆ ತಟ್ಟಿಕೊಂಡೆ. ಕೆನ್ನೆಯೆಲ್ಲ ಮಸಿ.

ಗಾಡಿ ನಿಲ್ಲಿಸಿ, ಬ್ಯಾಟರಿಯ ಕಪ್ಪು ತುದಿ ಮೊದಲು ಬಿಚ್ಚಿಟ್ಟು, ಆ ಪಟ್ಟಿಯ ಬೋಲ್ಟಿಗೆ ಪಾನಾ ಹಾಕಿದೆ. ಮೂರು ಸಲ ಜಾರಿತು. ನಾಲ್ಕನೆಯ ಸಲ ತಿರುಗಿತು. ಸುತ್ತಲೂ ಹಸಿರು ಕಿಲುಬು, ಉಪ್ಪಿನಂಥ ಬಿಳಿ ಪದರ. ಸೆರಗಿನ ತುದಿಯಿಂದ ಒರೆಸಿದಾಗ ಅದರಡಿಯಿಂದ ಕೆಂಪು ಬಂತು. ತುಕ್ಕಲ್ಲ. ಕುಂಕುಮ. ಬೋಲ್ಟಿನ ಬುಡದಲ್ಲಿ ಅರಿಶಿನ ಹಚ್ಚಿದ ಅಕ್ಕಿಯ ನಾಲ್ಕು ಕಾಳು, ಕಲ್ಲಿನಂತೆ ಅಂಟಿಕೊಂಡಿದ್ದವು.

ಅವು ನನ್ನ ಅಕ್ಷತೆ.

ನಮ್ಮ ಅತ್ತೆ ಇದ್ದಾಗ ನಿಡೋಣಿ ಹೊಲದ ಬಾವಿಯ ಮೇಲೆ ಆಯಿಲ್ ಎಂಜಿನ್ ಇತ್ತು. ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆದು, “ವರ್ಷಾನಗಟ್ಟಲೆ ನೀರು ಕೊಡತದ, ಅದಕ್ಕೂ ನೀರಡಿಕಿ ಇರತದ,” ಎಂದು ಆ ಕಾಯಿನೀರನ್ನು ಎಂಜಿನ್ನಿನ ನೆತ್ತಿಯ ಮೇಲೆ ಹಾಕುತ್ತಿದ್ದರು. ಎಂಜಿನ್ ಹೋಗಿ, ಅತ್ತೆಯೂ ಹೋದ ಮೇಲೆ ಆ ಪದ್ಧತಿಯನ್ನು ನಾನು ಗಾಡಿಗೆ ತಂದೆ. ಹೊರಗೆ ಗಾಲಿಗೆ ನಿಂಬೆಹಣ್ಣು, ಬಾನೆಟ್ ಎತ್ತಿ ಒಳಗೆ ಅಕ್ಷತೆ, ಕುಂಕುಮ, ಕಾಯಿನೀರು. ಮೇಲೆಲ್ಲ ಚೆನ್ನಾಗಿ ಒರೆಸುತ್ತಿದ್ದೆ. ಕೆಳಗೆ ಇಳಿದದ್ದು ಎಲ್ಲಿಗೆ ಹೋಯಿತೆಂದು ಒಂದು ದಿನವೂ ನೋಡಿರಲಿಲ್ಲ. ಎಷ್ಟು ಅಮಾವಾಸ್ಯೆ ಆಗಿರಬೇಕು!

“ಏನ್ ಕಾಣಾಕತ್ತದ್ರಿ ವೈನಿ?” ಎಂದ ಮೈದುನ. ಎತ್ತಿದ ಬಾನೆಟ್ಟಿನ ಆಚೆ ಅವನಿಗೆ ನಾನು ಕಾಣುತ್ತಿರಲಿಲ್ಲ.

“ಕಿಲುಬು,” ಅಂದೆ. ಅಕ್ಕಿಕಾಳನ್ನು ಉಗುರಿನಿಂದ ಎಬ್ಬಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಒಳಗೆ ಹೋಗಿ ಹುಣಸೆಹಣ್ಣು ನೆನೆಹಾಕಿದೆ. ತಾಮ್ರ ಅಂದಮೇಲೆ ದೇವರ ನೀರಿನ ಚರಿಗೆಯಾದರೇನು, ಗಾಡಿಯ ಪಟ್ಟಿಯಾದರೇನು. ಮೆಲ್ಲಗೆ ತಿಕ್ಕಿದೆ. ಹಸಿರು ಹೋಯಿತು, ಹಸಿರಿನ ಜೊತೆಗೆ ತಾಮ್ರವೂ ಹೋಯಿತು. ಜಡೆಯ ಎಳೆಗಳು ಪುಡಿಪುಡಿಯಾಗಿ ಉದುರಿ, ಪಟ್ಟಿ ಎರಡು ತುಂಡಾಗಿ ಕೈಯಲ್ಲಿ ಉಳಿಯಿತು. ಮೈದುನ ಅದನ್ನು ನೋಡಿ ಕಿಸೆಯ ಮೇಲೆ ಕೈಯಿಟ್ಟ. ಅರ್ಜಿ ಅಲ್ಲೇ ಇತ್ತು.

ಚಾಚಾ ಫೋನಿನಲ್ಲಿ, “ಮುರೀಲಿ ಬಿಡು, ಸತ್ತಿದ್ದ ಮುರದದ. ಟ್ರ್ಯಾಕ್ಟರಿನ ದಪ್ಪ ಕೇಬಲ್ ಅದ ನನ್ನ ಕಡೆ. ನಾಳೆ ಬಾ,” ಎಂದರು. ಭಾನುವಾರವೂ ಅವರ ಶೆಡ್ಡು ತೆರೆದಿರುತ್ತದೆ. ಅದೂ ಒಂದು ಉಪಕಾರ.

ಭಾನುವಾರ ಬೆಳಗಿನ ಬಸ್ಸಿಗೆ ಟಿಕೋಟಕ್ಕೆ ಹೋದೆ. ಮುರಿದ ಪಟ್ಟಿಯನ್ನು ಅಳತೆಗೆಂದು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ. ಚಾಚಾ ಕನ್ನಡಕ ಏರಿಸಿ, ತುಂಡನ್ನು ಬಿಸಿಲಿಗೆ ಹಿಡಿದು, ಮೂಸಿ ನೋಡಿದರು.

“ಮಳಿ ನೀರಿಗೆ ಇಷ್ಟ್ ಆಗೂದಿಲ್ಲ. ಬ್ಯಾಟರಿ ನೀರೂ ಅಲ್ಲ. ಯಾರೋ ಏನೋ ಸುರದಾರ ಇಲ್ಲೆ.”

ನಾನು ನೆಲ ನೋಡುತ್ತ ಕಾಯಿನೀರಿನ ಸಂಗತಿ ಹೇಳಿದೆ. ಅವರು ನಗಲಿಲ್ಲ.

“ಆಯಿಲ್ ಎಂಜಿನ್ನಿಗೆ ನಡೀತಿತ್ತು ಬೇಟಿ. ಅದಕ್ಕ ಬ್ಯಾಟರಿ ಎಲ್ಲಿತ್ತು, ವೈರ್ ಎಲ್ಲಿತ್ತು? ಹ್ಯಾಂಡಲ್ ಹೊಡದ್ರ ಚಾಲೂ. ಮನ್ಯಾಗ ಹೇಳೀಯೇನು?”

“ಇಲ್ರಿ.”

“ಹೇಳು. ರೋಗ ಎಲ್ಲಿಂದ ಬಂತು ಗೊತ್ತಾಗಲಿಲ್ಲಂದ್ರ ಹೊಸಾ ಕೇಬಲ್ಲೂ ಉಳಿಯೂದಿಲ್ಲ. ನಾಳೆ ನೀ ಊರಿಗೆ ಹೋಗಿರ್ತಿ, ಮತ್ಯಾರೋ ನಿನ್ನಂಗ ಭಕ್ತಿಲೇ ಸುರೀತಾರ.”

ಅವರು ಕೇಬಲ್ಲು ಅಳೆದು ಕತ್ತರಿಸಿ, ಎರಡೂ ತುದಿಗೆ ತೂತಿನ ತಾಮ್ರದ ಟೋಪಿ ಒತ್ತಿ ಬೆಸೆದು ಕೊಟ್ಟರು. ಜೊತೆಗೆ ಕಾಗದದ ಚೂರಿನಲ್ಲಿ ಸ್ವಲ್ಪ ಗ್ರೀಸು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ದೇವರು ನೀರು ಕೇಳಿದವನಲ್ಲ, ಹಾಕಿದವಳು ನಾನು. ಇಷ್ಟು ಒಪ್ಪಿಕೊಳ್ಳುವುದಕ್ಕೆ ಟಿಕೋಟದಿಂದ ವಿಜಯಪುರದವರೆಗೆ ಹಾದಿ ಬೇಕಾಯಿತು.

ಮಧ್ಯಾಹ್ನ ಊಟವಾದ ಮೇಲೆ ಜೋಡಿಸಲು ಕುಳಿತೆವು. ಬೋಲ್ಟು ಕೂಡುವ ಜಾಗವನ್ನು ಸೋಡಾ ಹಾಕಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿಸಿ, ಬಣ್ಣ ಹೋಗಿ ಬರೀ ಕಬ್ಬಿಣ ಹೊಳೆಯುವವರೆಗೆ ಪಾಲಿಶ್ ಕಾಗದ ಹಾಕಿ ತಿಕ್ಕಿದೆ. ಎಂಜಿನ್ನಿನ ಕಡೆಯೂ ಹಾಗೇ. ಕೇಬಲ್ಲು ಕೂಡಿಸಿ, ಪಾನಾ ಇನ್ನು ತಿರುಗದು ಎನ್ನುವವರೆಗೆ ಬಿಗಿದು, ಮೇಲೆ ಗ್ರೀಸು ಸವರಿದೆ. ಕೊನೆಗೆ ಬ್ಯಾಟರಿಯ ಕಪ್ಪು ತುದಿ. ಮನೆಯವರು ರಜೆಯ ದಿನ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತು, “ಇನ್ನ ನನ್ನ ಸ್ಕೂಟರ್ ಪಂಚರ್ ತಗಿಯಾಕ ಎಲ್ಲೂ ಹೋಗೂದ ಬ್ಯಾಡ,” ಎನ್ನುತ್ತಿದ್ದರು.

ಮೈದುನ ಕೀಲಿಗೆ ಕೈ ಹಾಕಿದ. “ತಡಿ ತಮ್ಮಾ,” ಅಂದೆ. ಸೆರಗಿನ ಗಂಟು ಬಿಚ್ಚಿ ಆ ನಾಲ್ಕು ಕಾಳು ಅವನ ಅಂಗೈಗೆ ಹಾಕಿದೆ.

“ಏನ್ರಿ ಇದು?”

“ಅಕ್ಷತಿ. ಆ ಬೋಲ್ಟಿನ ಬುಡಕಿದ್ವು. ಕಾಯಿನೀರು ಹಾಕ್ತಿದ್ನೆಲ್ಲ, ಎಲ್ಲಾ ಅಲ್ಲೇ ಇಳದು ತಾಮ್ರ ತಿಂದದ. ನಿನ್ನ ಗಾಡಿ ಕೆಡಸಿದಾಕಿ ನಾನ.”

ಅವನು ಕಾಳುಗಳನ್ನು ಬೆರಳಿನಿಂದ ಹೊರಳಿಸಿ ನೋಡಿದ. ಆ ಕ್ಷಣ ಅವನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

“ಅವ್ವ ಬಾವಿ ಎಂಜಿನ್ನಿಗೆ ಹಾಕೂ ಮುಂದ ನಾ ಕೇಳ್ತಿದ್ದೆ,” ಎಂದ ಆಮೇಲೆ, “ಅದಕ್ಯಾಕ, ನನಗ ಕೊಡು ಅಂತ. ಒಂದ್ ಗುಟಕೂ ಕೊಡಲಿಲ್ಲ ಮುದುಕಿ. ಮುಂದಿನ ಅಮಾಸಿಗೆ ಕಾಯಿ ಹೊಸ್ತಿಲದಾಗ ಒಡೀರಿ ವೈನಿ. ನೀರು ನನಗ ಕೊಡ್ರಿ. ಗಾಡಿ ಪರವಾಗಿ ನಾ ಕುಡೀತೀನಿ.”

ಕೀಲಿ ತಿರುವಿದ. ಗಾಡಿ ಚಾಲೂ ಆಯಿತು. ನಿಲ್ಲಿಸಿ ಮತ್ತೆ ತಿರುವಿದ, ಆಯಿತು. ಐದು ಸಲ ನೋಡಿದೆವು. ಪ್ರತಿ ಸಲವೂ ನಾನು ಕೇಬಲ್ಲಿನ ಎರಡೂ ತುದಿ ಮುಟ್ಟಿದೆ. ತಣ್ಣಗಿತ್ತು.

ಸೋಮವಾರ ಬೆಳಗ್ಗೆ ಅವನ ಬುತ್ತಿ ಕಟ್ಟುತ್ತಿದ್ದೆ. ಒಂದು ಊರುಗೋಲು ಗೋಡೆಗೆ ಆನಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿಸೆಯಿಂದ ಆ ಹಾಳೆ ತೆಗೆದು ಚಾಚಿದ.

“ಏನ್ ಮಾಡ್ಲಿ ಇದನ್ನ?” ಅಂದೆ.

“ಶೇಂಗಾ ಹಿಂಡಿ ಕಟ್ರಿ. ಹಾಳಿ ಚಲೋ ಗಟ್ಟಿ ಅದ.”

ಚಟ್ನಿಪುಡಿಯನ್ನು ಅದರಲ್ಲೇ ಕಟ್ಟಿಕೊಟ್ಟೆ. ಹೊರಗೆ ಎಂಜಿನ್ನು ಒಂದೇ ಏಟಿಗೆ ಹಿಡಿಯಿತು. ಒಂದು ಹಾರ್ನು. ಗಾಡಿ ಓಣಿಯ ತಿರುವಿನಲ್ಲಿ ನಿಡೋಣಿಗೆ ಹೋಗುವ ಬಬಲೇಶ್ವರದ ದಾರಿಗೆ ಹೊರಳುವವರೆಗೆ ಬಾಗಿಲಲ್ಲಿ ನಿಂತಿದ್ದೆ.

ಒಳಗೆ ಬಟ್ಟಲಿನಲ್ಲಿ ನೆನೆದ ಹುಣಸೆಹಣ್ಣು ಇನ್ನೂ ಉಳಿದಿತ್ತು. ಅಮಾವಾಸ್ಯೆಯಂದು ಬಳಸಿದ ದೇವರ ತಾಮ್ರದ ಚರಿಗೆ ಅವತ್ತಿನಿಂದ ಹಾಗೇ ಬಿದ್ದು ಕಪ್ಪಾಗಿತ್ತು. ಅದನ್ನು ಬಚ್ಚಲಿಗೆ ಒಯ್ದು, ಮೊದಲು ಬುಡದ ಅಂಚಿನ ಸಂದಿಗಳನ್ನು ನೋಡಿ, ತಿಕ್ಕಲು ಕುಳಿತೆ.